ಒಂದೇ ಸಲ ಕಚ್ಚುವ ನುಸಿ: ಸ್ಕ್ರಬ್ ಟೈಫಸ್ ಕುರಿತ ಒಂದು ಪಾಠ, ನಾಲ್ಕು ಶಾಲೆಗಳಲ್ಲಿ

ತರಗತಿ: 8. ವಿಷಯ: ವಿಜ್ಞಾನ. ಘಟಕ: ಸೂಕ್ಷ್ಮಜೀವಿಗಳು. ಅವಧಿ: 40 ನಿಮಿಷ.

ಪೀಠಿಕೆ

ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಸೇರಿದ ನಮ್ಮ ತಂಡದ ನಾಲ್ವರಿಗೆ ಈ ಬಾರಿ ಇಂಟರ್ನ್‌ಶಿಪ್‌ಗಾಗಿ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ನಾಲ್ಕು ಪ್ರೌಢಶಾಲೆಗಳು ಸಿಕ್ಕವು. ನಾಲ್ವರೂ ಒಂದೇ ಪಾಠಯೋಜನೆಯನ್ನು ತಯಾರಿಸಿ, ಒಬ್ಬರಾದ ಮೇಲೆ ಒಬ್ಬರು ಬೋಧಿಸಿ, ಪ್ರತಿ ತರಗತಿಯ ನಂತರ ಅದನ್ನು ತಿದ್ದಬೇಕೆಂದು ಮಾರ್ಗದರ್ಶಕ ಉಪನ್ಯಾಸಕರು ಸೂಚಿಸಿದರು. ಮೊದಲ ಪಾಠ ನನ್ನದು, ಹಳಿಯಾಳದಲ್ಲಿ. ಉಳಿದ ಮೂರು ಪಾಠಗಳಿಗೆ ನಾನು ವೀಕ್ಷಕನಾಗಿ ಹೋದೆ.

ಎಂಟನೇ ತರಗತಿಯ ಪುಸ್ತಕದಲ್ಲಿ ಮನುಷ್ಯರ ರೋಗಗಳ ಪಟ್ಟಿ ಇದೆ. ಕ್ಷಯ, ಕಾಲರಾ, ಟೈಫಾಯ್ಡ್, ಮಲೇರಿಯಾ ಎಲ್ಲವೂ ಅಲ್ಲಿವೆ. ಸ್ಕ್ರಬ್ ಟೈಫಸ್ ಇಲ್ಲ. ಅದನ್ನೇ ಪೂರಕ ಪಾಠವಾಗಿ ಆರಿಸಬೇಕೆಂದು ಹಟ ಹಿಡಿದವನು ನಾನು. ಅದಕ್ಕೆ ಕಾರಣ ನನ್ನ ಮನೆಯಲ್ಲೇ ಇತ್ತು.

ಹಿಂದಿನ ವರ್ಷ ಮಳೆಗಾಲದ ಕೊನೆಗೆ ಅವ್ವನಿಗೆ ಜ್ವರ ಬಂತು. ತಲೆನೋವು, ಮೈಕೈ ನೋವು, ಒಣ ಕೆಮ್ಮು. ಊರ ಹತ್ತಿರದ ಒಂದು ದವಾಖಾನೆಯಲ್ಲಿ ಟೈಫಾಯ್ಡ್ ಎಂದು ಇಂಜೆಕ್ಷನ್ ಕೊಟ್ಟರು. ಒಂಬತ್ತು ದಿನವಾದರೂ ಜ್ವರ ಇಳಿಯಲಿಲ್ಲ, ಉಸಿರಾಟವೂ ಕಷ್ಟವಾಯಿತು. ಆಮೇಲೆ ದೊಡ್ಡ ಊರಿನ ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ನರ್ಸ್ ಒಬ್ಬರು ಬಟ್ಟೆ ಬದಲಿಸುವಾಗ ಸೊಂಟದ ಮೇಲೆ, ಒಳಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಬೀಡಿಯ ತುದಿಯಿಂದ ಸುಟ್ಟಂಥ ಒಂದು ಕಪ್ಪು ಹಕ್ಕಳೆಯನ್ನು ಕಂಡರು. ಔಷಧ ಬದಲಾಯಿತು. ಎರಡು ದಿನಗಳಲ್ಲಿ ಜ್ವರ ಇಳಿಯಿತು. ಅವ್ವನಿಗೆ ಆ ಹಕ್ಕಳೆ ಮೊದಲೇ ಗೊತ್ತಿತ್ತು. ಲಾಡಿ ಉಜ್ಜಿ ಆದ ಗಾಯ ಎಂದುಕೊಂಡಿದ್ದಳು. ನೋವಿರಲಿಲ್ಲ, ತುರಿಕೆಯೂ ಇರಲಿಲ್ಲ. ಅದಕ್ಕೇ ಯಾರಿಗೂ ಹೇಳಲಿಲ್ಲ. ಮಗನಿಗೆ ಹೇಳುವಂಥ ಜಾಗವೂ ಅದಾಗಿರಲಿಲ್ಲ.

ಆಗ ನಾನು ಪ್ರಾಣಿಶಾಸ್ತ್ರದ ಪದವೀಧರ. ಆದರೂ ನಾನು ಕೇಳಲಿಲ್ಲ. ಈ ಪಾಠದ ಉದ್ದೇಶ ಇಷ್ಟೇ: ನಮ್ಮ ಮಕ್ಕಳು ಕೇಳುವಂತಾಗಬೇಕು.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ

ಸ್ಕ್ರಬ್ ಟೈಫಸ್ ರೋಗಕ್ಕೆ ಕಾರಣ ಒರಿಯೆಂಟಿಯಾ ಸುಟ್ಸುಗಮುಶಿ ಎಂಬ ಬ್ಯಾಕ್ಟೀರಿಯಾ. ಹೆಸರಿನ ಎರಡನೇ ಭಾಗ ಜಪಾನಿ ಭಾಷೆಯದು. ‘ಸುಟ್ಸುಗ’ ಎಂದರೆ ಕೇಡು ಅಥವಾ ರೋಗ, ‘ಮುಶಿ’ ಎಂದರೆ ಹುಳ. ಜಪಾನಿನ ನಿಯಿಗಾತಾ ಪ್ರಾಂತದ ನದಿ ಬಯಲುಗಳಲ್ಲಿ ದುಡಿಯುವ ರೈತರಿಗೆ ಈ ಜ್ವರ ಬಹಳ ಕಾಲದಿಂದ ಪರಿಚಿತವಾಗಿತ್ತು. 1930–31ರಲ್ಲಿ ಜಪಾನಿನ ವಿಜ್ಞಾನಿಗಳು ಈ ಜೀವಿಯನ್ನು ಗುರುತಿಸಿ ರಿಕೆಟ್ಸಿಯಾ ಎಂಬ ಕುಲದಲ್ಲಿ ಸೇರಿಸಿದರು. ಅದರ ಕೋಶಭಿತ್ತಿ ಮತ್ತು ಆನುವಂಶಿಕ ರಚನೆ ಬೇರೆಯೇ ಎಂದು ಕಂಡುಬಂದ ಮೇಲೆ, 1995ರಲ್ಲಿ ಅದಕ್ಕೆ ಒರಿಯೆಂಟಿಯಾ ಎಂಬ ಪ್ರತ್ಯೇಕ ಕುಲವನ್ನು ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಅಸ್ಸಾಂ ಮತ್ತು ಬರ್ಮಾ ಗಡಿಯ ಪೊದೆಗಾಡುಗಳಲ್ಲಿ ಹೋರಾಡಿದ ಸೈನಿಕರಲ್ಲಿ ಈ ರೋಗ ತೀವ್ರವಾಗಿ ಹರಡಿತು. ‘ಸ್ಕ್ರಬ್’ ಎಂದರೆ ಪೊದೆಗಾಡು ಎಂದೇ ಅರ್ಥ.

ರೋಗವನ್ನು ತರುವುದು ಲೆಪ್ಟೊಟ್ರಾಂಬಿಡಿಯಂ ಕುಲದ ನುಸಿಯ ಮರಿ, ಅಂದರೆ ಲಾರ್ವಾ. ಭಾರತದಲ್ಲಿ ಇದರ ಮುಖ್ಯ ಪ್ರಭೇದ ಲೆಪ್ಟೊಟ್ರಾಂಬಿಡಿಯಂ ಡೆಲಿಯೆನ್ಸ್. ಮರಿಯ ಉದ್ದ ಸುಮಾರು 0.2 ಮಿ.ಮೀ. ಅದು ಹುಲ್ಲಿನ ಎಲೆಗಳ ತುದಿಯಲ್ಲಿ ಕುಳಿತು, ಹಾದುಹೋಗುವ ಇಲಿ, ಹೆಗ್ಗಣ ಅಥವಾ ಮನುಷ್ಯನ ಮೈ ಹತ್ತುತ್ತದೆ. ಅದು ರಕ್ತ ಹೀರುವುದಿಲ್ಲ. ಚರ್ಮದ ಕೋಶಗಳನ್ನು ಕರಗಿಸಿ ಆ ದ್ರವವನ್ನು ಕುಡಿಯುತ್ತದೆ. ಕಚ್ಚಿದ್ದು ತಿಳಿಯುವುದೇ ಇಲ್ಲ. ಸಾಮಾನ್ಯವಾಗಿ ಹತ್ತು ಹನ್ನೆರಡು ದಿನಗಳ ನಂತರ ಜ್ವರ ಶುರುವಾಗುತ್ತದೆ. ಅಷ್ಟರಲ್ಲಿ ಹುಲ್ಲು ಕೊಯ್ದ ದಿನ ಮರೆತುಹೋಗಿರುತ್ತದೆ.

ಕಚ್ಚಿದ ಜಾಗದಲ್ಲಿ ಹಲವರಿಗೆ ಕಪ್ಪು ಹಕ್ಕಳೆಯೊಂದು ಕಟ್ಟುತ್ತದೆ. ವೈದ್ಯರು ಇದನ್ನು ಎಸ್ಕಾರ್ ಎನ್ನುತ್ತಾರೆ. ಎಲ್ಲ ರೋಗಿಗಳಲ್ಲೂ ಇದು ಕಾಣುವುದಿಲ್ಲ. ಆದ್ದರಿಂದ ಹಕ್ಕಳೆ ಇಲ್ಲದಿದ್ದರೆ ರೋಗವೂ ಇಲ್ಲ ಎನ್ನುವಂತಿಲ್ಲ. ಆದರೆ ಜ್ವರದ ಜೊತೆ ಹಕ್ಕಳೆ ಕಂಡರೆ ಅದು ವೈದ್ಯರಿಗೆ ಬಹಳ ದೊಡ್ಡ ಸುಳಿವು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೊಮೈಸಿನ್‌ನಿಂದ ವಾಸಿಯಾಗುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳು ತೊಂದರೆಗೆ ಸಿಲುಕುತ್ತವೆ. ಲಸಿಕೆ ಇನ್ನೂ ಬಂದಿಲ್ಲ.

ಮೊದಲ ಪಾಠ, ಹಳಿಯಾಳ: ಉತ್ತರವಿಲ್ಲದ ಪ್ರಶ್ನೆ

ಶಾಲೆಯ ಸುತ್ತ ಭತ್ತ ಮತ್ತು ಕಬ್ಬಿನ ಗದ್ದೆಗಳು. ಹೆಚ್ಚಿನ ಮಕ್ಕಳು ಮನೆಗೆ ಹೋಗಿ ದನಕ್ಕೆ ಹುಲ್ಲು ತರುವವರು. ನಾನು ಚಾರ್ಟ್ ತೂಗುಹಾಕಿ, ಕಪ್ಪುಹಲಗೆಯ ಮೇಲೆ ‘ಇಲಿ → ನುಸಿ → ಮನುಷ್ಯ’ ಎಂದು ಬಾಣದ ಗುರುತು ಹಾಕಿದೆ. ಮಲೇರಿಯಾದ ಸೊಳ್ಳೆಯ ಮಾದರಿಯನ್ನೇ ಇಲ್ಲಿಗೂ ಅಂಟಿಸಿದ್ದೆ. ಆಮೇಲೆ ನುಸಿಯ ಜೀವನಚಕ್ರ ವಿವರಿಸುತ್ತಾ, ಅದು ಮರಿಯಾಗಿದ್ದಾಗ ಮಾತ್ರ, ಅದೂ ಜೀವಮಾನದಲ್ಲಿ ಒಂದೇ ಸಲ ಪ್ರಾಣಿಯನ್ನು ಕಚ್ಚುತ್ತದೆ, ದೊಡ್ಡದಾದ ಮೇಲೆ ಮಣ್ಣಿನಲ್ಲಿ ಸಣ್ಣ ಕೀಟಗಳ ಮೊಟ್ಟೆ ತಿಂದು ಬದುಕುತ್ತದೆ ಎಂದೆ.

ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದ. “ಸರ್, ಒಂದ ಸಲ ಕಚ್ಚತೈತಿ ಅಂದ್ರಿ. ಇಲೀನ ಕಚ್ಚಿ ಮುಗಸಿದ್ ಮ್ಯಾಲೆ ನಮ್ಮನ್ನ ಹ್ಯಾಂಗ ಕಚ್ಚತೈತ್ರಿ?”

ನನ್ನ ಬಳಿ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಮುಂದೆ ಹೋದೆ. ಮಾರ್ಗದರ್ಶಕ ಶಿಕ್ಷಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ‘ಬಾಣ ತಪ್ಪಾಗಿದೆ, ಹುಡುಗ ಸರಿಯಾಗಿದ್ದಾನೆ’ ಎಂದು ಒಂದೇ ಸಾಲು ಬರೆದರು.

ಉತ್ತರವನ್ನು ಆ ರಾತ್ರಿ ಓದಿ ತಿಳಿದೆ. ಕಚ್ಚುವ ಮರಿಗೆ ಬ್ಯಾಕ್ಟೀರಿಯಾ ಬರುವುದು ಮುಖ್ಯವಾಗಿ ತಾಯಿಯಿಂದ, ಮೊಟ್ಟೆಯ ಮೂಲಕ. ಸೋಂಕಿರುವ ಹೆಣ್ಣು ನುಸಿಯ ಮೊಟ್ಟೆಗಳಲ್ಲೇ ಒರಿಯೆಂಟಿಯಾ ಇರುತ್ತದೆ, ಮರಿ ಹುಟ್ಟುವಾಗಲೇ ಸೋಂಕಿನೊಂದಿಗೆ ಹುಟ್ಟುತ್ತದೆ. ಇಲಿ ನುಸಿಗೆ ಊಟ ಹಾಕುವ ಮನೆಯಿದ್ದಂತೆ. ಇಲಿ ಹೆಚ್ಚಿದರೆ ನುಸಿ ಹೆಚ್ಚುತ್ತದೆ. ಆದರೆ ರೋಗಾಣುವನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಿಟ್ಟುಕೊಂಡು ಬರುವುದು ನುಸಿಯೇ.

ಈ ಪಾಠದಲ್ಲಿ ಇನ್ನೊಂದು ತಪ್ಪೂ ಆಯಿತು. ‘ಹುಲ್ಲಿನಲ್ಲಿ ಕೂರಬೇಡಿ, ಪೊದೆಯ ಕಡೆ ಹೋಗಬೇಡಿ’ ಎಂದು ಒತ್ತಿ ಹೇಳಿ ಪಾಠ ಮುಗಿಸಿದ್ದೆ. ಎರಡು ದಿನಗಳ ನಂತರ ಒಬ್ಬ ತಾಯಿ ಶಾಲೆಗೆ ಬಂದರು. ಮಗಳು ಹುಲ್ಲು ಕೊಯ್ಯಲು ಬರುವುದಿಲ್ಲ ಎನ್ನುತ್ತಿದ್ದಾಳಂತೆ. “ಎಮ್ಮಿಗೆ ಏನ್ ಹಾಕೂಣ್ರಿ?” ಎಂದು ಕೇಳಿದರು. ಹುಲ್ಲಿನಿಂದಲೇ ಬದುಕುವ ಮನೆಗೆ ಹುಲ್ಲಿಗೆ ಹೋಗಬೇಡ ಎಂಬ ಆರೋಗ್ಯ ಶಿಕ್ಷಣ ಕೊಟ್ಟಿದ್ದೆ. ಯೋಜನೆಯ ‘ಮುಂಜಾಗ್ರತೆ’ ಭಾಗವನ್ನು ಪೂರ್ತಿ ಹೊಡೆದುಹಾಕಿ ಬೇರೆ ಬರೆದೆವು: ಮೈತುಂಬ ಬಟ್ಟೆ ಹಾಕಿ ಹೋಗುವುದು, ಬಂದ ಕೂಡಲೇ ಬಟ್ಟೆ ಬದಲಿಸಿ ಸೋಪು ಹಚ್ಚಿ ಸ್ನಾನ ಮಾಡುವುದು, ತೊಳೆದ ಬಟ್ಟೆಯನ್ನು ಪೊದೆಯ ಮೇಲೆ ಹರವದೆ ತಂತಿಯ ಮೇಲೆ ಒಣಗಿಸುವುದು, ಮನೆ ಸುತ್ತಲಿನ ಕಳೆ ತೆಗೆಯುವುದು, ಕುಳಿತುಕೊಳ್ಳುವಾಗ ಚೀಲ ಅಥವಾ ಚಾಪೆ ಹಾಸುವುದು.

ಎರಡನೇ ಪಾಠ, ದಾಂಡೇಲಿ: ಚೀಟಿ ಆಟ ಮತ್ತು ‘ಇದು ವೈರಸ್ ಅಲ್ಲವೇ?’

ಹಳಿಯಾಳದ ಹುಡುಗನ ಪ್ರಶ್ನೆಯಿಂದಲೇ ಎರಡನೇ ಪಾಠವನ್ನು ಆರಂಭಿಸಿದೆವು. ದಾಂಡೇಲಿಯ ಸಹಪಾಠಿ ಒಂದು ಚೀಟಿ ಆಟ ಸಿದ್ಧಪಡಿಸಿದಳು. ಹತ್ತು ಮಕ್ಕಳು ನುಸಿಮರಿಗಳು, ಪ್ರತಿಯೊಬ್ಬರಿಗೂ ‘ಕಚ್ಚು’ ಎಂಬ ಒಂದೇ ಚೀಟಿ. ಉಳಿದವರಲ್ಲಿ ಕೆಲವರು ಇಲಿಗಳು, ಕೆಲವರು ಹುಲ್ಲು ಕೊಯ್ಯುವವರು. ಚೀಟಿ ಕೊಟ್ಟ ಮೇಲೆ ಮರಿಯ ಕೈ ಖಾಲಿ. ಇಬ್ಬರ ಚೀಟಿಯ ಹಿಂದೆ ಮಾತ್ರ ಕೆಂಪು ಚುಕ್ಕೆ ಇತ್ತು. ಆಟ ಮುಗಿದ ಮೇಲೆ ಚೀಟಿ ತಿರುಗಿಸಿ ನೋಡಿದರು. “ಕೆಂಪು ಚುಕ್ಕೆ ಎಲ್ಲಿಂದ ಬಂತು?” ಎಂಬ ಪ್ರಶ್ನೆಗೆ ಮೂರನೇ ಪ್ರಯತ್ನದಲ್ಲಿ ಹುಡುಗಿಯೊಬ್ಬಳು, “ಆಟ ಶುರುವಾಗುವ ಮೊದಲೇ ಇತ್ತು” ಎಂದಳು. ತಾಯಿಯಿಂದ ಮೊಟ್ಟೆಗೆ ಎಂಬ ಮಾತನ್ನು ಶಿಕ್ಷಕಿ ಹೇಳಬೇಕಾಗಿ ಬಂದದ್ದು ಅದರ ಮೇಲೆಯೇ.

ಗಾತ್ರ ತಿಳಿಸಲು ಗಸಗಸೆ ಬಳಸಿದೆವು. ಒಂದು ಗಸಗಸೆ ಕಾಳು ಸುಮಾರು 1 ಮಿ.ಮೀ. ಅದರ ಉದ್ದಕ್ಕೆ ಎಷ್ಟು ಮರಿಗಳನ್ನು ಸಾಲಾಗಿ ನಿಲ್ಲಿಸಬಹುದು? ಐದು. ಲೆಕ್ಕ ಸುಲಭ, ಆದರೆ ಅಂಗೈಯಲ್ಲಿ ಕಾಳು ಇಟ್ಟುಕೊಂಡ ಮಕ್ಕಳು ಸುಮ್ಮನಾದರು.

ದಾಂಡೇಲಿಯ ಮಕ್ಕಳಿಗೆ ಇದು ಕಾಡಿನವರ ರೋಗ ಎಂಬ ಭಾವನೆ ಇತ್ತು. ಪಟ್ಟಣದವರಿಗೆ ಏನೂ ಆಗುವುದಿಲ್ಲ ಎಂದರು. ತರಗತಿಯ ಕಿಟಕಿಯಿಂದ ಹೊರಗೆ ನೋಡಲು ಹೇಳಿದಾಗ ಕಂಪೌಂಡಿನಾಚೆ ಪೊದೆ, ಕಸ, ಇಲಿಬಿಲ ಮೂರೂ ಕಂಡವು. ನುಸಿಗೆ ಬೇಕಾದದ್ದು ಹುಲಿ ಓಡಾಡುವ ದಟ್ಟ ಕಾಡಲ್ಲ, ಇಂಥ ಅಂಚಿನ ಜಾಗವೇ ಸಾಕು.

ಇಲ್ಲಿ ಎದ್ದ ಎರಡನೇ ಪ್ರಶ್ನೆ ಪಠ್ಯಪುಸ್ತಕಕ್ಕೇ ಸವಾಲಾಗಿತ್ತು. ಒರಿಯೆಂಟಿಯಾ ಅಗರ್ ತಟ್ಟೆಯಲ್ಲಿ ಬೆಳೆಯುವುದಿಲ್ಲ, ಜೀವಂತ ಕೋಶದೊಳಗೆ ಮಾತ್ರ ಬೆಳೆಯುತ್ತದೆ ಎಂದಾಗ ಒಬ್ಬ ಕೇಳಿದ: “ಕೋಶದೊಳಗೆ ಮಾತ್ರ ಬೆಳೆಯುವುದು ವೈರಸ್ ಅಲ್ಲವೇ ಮಿಸ್?” ಪುಸ್ತಕ ಹಾಗೆಯೇ ಹೇಳುತ್ತದೆ. ಶಿಕ್ಷಕಿ ಹಲಗೆಯ ಮೇಲೆ ಎರಡು ಅಂಕಣ ಬರೆದಳು. ಒರಿಯೆಂಟಿಯಾಕ್ಕೆ ತನ್ನದೇ ಪೊರೆ ಇದೆ, ಪ್ರೋಟೀನ್ ತಯಾರಿಸಲು ತನ್ನದೇ ರೈಬೋಸೋಮ್ ಇದೆ, ಅದು ಒಂದು ಎರಡಾಗಿ ಒಡೆದು ಹೆಚ್ಚುತ್ತದೆ. ವೈರಸ್‌ಗೆ ಇವು ಯಾವುವೂ ಇಲ್ಲ. ಹಾಗಾಗಿ ಎಲ್ಲಿ ವಾಸಿಸುತ್ತದೆ ಎಂಬುದರಿಂದಲ್ಲ, ಹೇಗೆ ರಚನೆಯಾಗಿದೆ ಎಂಬುದರಿಂದ ವರ್ಗೀಕರಿಸಬೇಕು.

ಇದರಿಂದಲೇ ಔಷಧದ ವಿಷಯಕ್ಕೆ ಸೇತುವೆ ಸಿಕ್ಕಿತು. ಪೆನಿಸಿಲಿನ್ ಮತ್ತು ಸೆಫ್ಟ್ರಿಯಾಕ್ಸೋನ್ ಗುಂಪಿನ ಔಷಧಗಳು ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ಒರಿಯೆಂಟಿಯಾದ ಭಿತ್ತಿಯಲ್ಲಿ ಆ ಔಷಧಗಳ ಗುರಿಯಾದ ಪೆಪ್ಟಿಡೊಗ್ಲೈಕಾನ್ ಇಲ್ಲವೇ ಇಲ್ಲ ಎಂದು ಬಹಳ ಕಾಲ ನಂಬಿದ್ದರು. ಈಚಿನ ಸಂಶೋಧನೆಯಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿ ಇದೆ ಎಂದು ತಿಳಿದಿದೆ. ಜೊತೆಗೆ ಅದು ಅಡಗಿರುವುದು ನಮ್ಮ ಕೋಶದ ಒಳಗೆ. ಡಾಕ್ಸಿಸೈಕ್ಲಿನ್ ಕೋಶದೊಳಗೆ ಹೋಗಿ ಅದರ ರೈಬೋಸೋಮ್‌ಗೆ ಅಡ್ಡಿಯಾಗುತ್ತದೆ. ಹಿಂದೆ ಕುಳಿತು ಟಿಪ್ಪಣಿ ಬರೆಯುತ್ತಿದ್ದ ನನಗೆ ಅವ್ವನ ಒಂಬತ್ತು ದಿನಗಳ ಇಂಜೆಕ್ಷನ್ ಏಕೆ ಕೆಲಸ ಮಾಡಲಿಲ್ಲ ಎಂಬುದು ಆ ಎರಡು ಅಂಕಣಗಳಲ್ಲಿ ಸ್ಪಷ್ಟವಾಯಿತು. ಔಷಧ ಕೆಟ್ಟದಾಗಿರಲಿಲ್ಲ, ಅದು ಬೇರೆ ರೋಗದ್ದಾಗಿತ್ತು.

ಮೂರನೇ ಪಾಠ, ಜೋಯಿಡಾ: ಉಣುಗು ಮತ್ತು ಪೆಟ್ಟಿಗೆಯ ಚೀಟಿ

ಜೋಯಿಡಾದ ಮಕ್ಕಳಿಗೆ ಕಾಡು ಮನೆಯ ಹಿತ್ತಲಿದ್ದಂತೆ. ಮಂಗನ ಕಾಯಿಲೆಯ ಬಗ್ಗೆ ಆರೋಗ್ಯ ಇಲಾಖೆಯವರು ಹೇಳಿದ್ದನ್ನು ಅವರು ಚೆನ್ನಾಗಿ ನೆನಪಿಟ್ಟಿದ್ದರು. ಆದ್ದರಿಂದ ನುಸಿ ಎಂದ ಕೂಡಲೇ “ಉಣುಗು ಗೊತ್ತು ಸರ್, ಮಂಗ ಸತ್ತರೆ ಹೇಳಬೇಕು” ಎಂದರು. ಪೂರ್ವಜ್ಞಾನ ಇತ್ತು, ಆದರೆ ಅದು ಬೇರೆ ರೋಗದ ಪೂರ್ವಜ್ಞಾನ. ಅದನ್ನು ಅಳಿಸದೆ ಹೋಲಿಕೆಗೆ ಬಳಸಿದೆವು. ಮಕ್ಕಳು ಗುಂಪಿನಲ್ಲಿ ತಯಾರಿಸಿದ ಹೋಲಿಕೆಯ ಸಾರ ಹೀಗಿದೆ:

ಮಂಗನ ಕಾಯಿಲೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾಯಿತು. ಕಾರಣ ವೈರಸ್. ತರುವುದು ಉಣುಗು. ಮಂಗಗಳ ಸಾವು ಎಚ್ಚರಿಕೆಯ ಗಂಟೆ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ವರೆಗಿನ ಒಣ ತಿಂಗಳುಗಳಲ್ಲಿ ಹೆಚ್ಚು. ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗದು.

ಸ್ಕ್ರಬ್ ಟೈಫಸ್: ಕಾರಣ ಬ್ಯಾಕ್ಟೀರಿಯಾ. ತರುವುದು ನುಸಿಯ ಮರಿ. ಮಂಗಗಳಿಗೆ ಸಂಬಂಧವಿಲ್ಲ, ಎಚ್ಚರಿಕೆಯ ಗುರುತು ನಮ್ಮ ಮೈಮೇಲೆಯೇ ಇರಬಹುದು. ಮಳೆಯ ಕೊನೆಯ ತಿಂಗಳುಗಳಲ್ಲಿ ಮತ್ತು ಅದರ ನಂತರ ಹೆಚ್ಚು. ಸರಿಯಾದ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ.

ಎರಡಕ್ಕೂ ಸಮಾನವಾದ ಅಂಶವನ್ನು ಮಕ್ಕಳೇ ಸೇರಿಸಿದರು: ಕಾಡಿಗೆ ಹೋಗಿ ಬಂದದ್ದನ್ನು ಡಾಕ್ಟರಿಗೆ ಹೇಳಬೇಕು.

ಹಕ್ಕಳೆಯ ಭಾಗ ಬಂದಾಗ ತರಗತಿ ಮೌನವಾಯಿತು. ಹಳಿಯಾಳದಲ್ಲಿ ನಾನು ‘ಕೈಕಾಲು ನೋಡಿಕೊಳ್ಳಿ’ ಎಂದಷ್ಟೇ ಹೇಳಿದ್ದೆ. ನಿಜಕ್ಕೂ ನುಸಿ ಬಟ್ಟೆ ಬಿಗಿಯಾಗಿರುವ, ಚರ್ಮ ಮೆತ್ತಗಿರುವ ಜಾಗಗಳನ್ನು ಹುಡುಕುತ್ತದೆ: ಕಂಕುಳು, ತೊಡೆಸಂದು, ಸೊಂಟ, ಎದೆಯ ಕೆಳಭಾಗ, ಮೊಣಕಾಲಿನ ಹಿಂಭಾಗ. ಜೋಯಿಡಾದ ಸಹಪಾಠಿ ಮಹಿಳೆ. ಆಕೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಹೆಸರು ಬರೆಯದೆ ಪ್ರಶ್ನೆ ಹಾಕಿ ಎಂದಳು. ಬಂದ ಚೀಟಿಗಳಲ್ಲಿ ಒಂದರ ಪ್ರಶ್ನೆ ಹೀಗಿತ್ತು: ‘ತೋರಿಸಲು ಆಗದ ಜಾಗದಲ್ಲಿ ಇದ್ದರೆ ಏನು ಮಾಡಬೇಕು?’

ಸಹಪಾಠಿ ಚೀಟಿಯನ್ನು ಗಟ್ಟಿಯಾಗಿ ಓದಿ, ಅದು ಬಹಳ ಒಳ್ಳೆಯ ಪ್ರಶ್ನೆ ಎಂದಳು. “ತೋರಿಸಬೇಕಾಗಿಲ್ಲ, ಹೇಳಿದರೆ ಸಾಕು. ‘ನನಗೆ ಜ್ವರ ಇದೆ, ನೋವಿಲ್ಲದ ಕಪ್ಪು ಹಕ್ಕಳೆಯೂ ಇದೆ’ ಎಂಬ ಒಂದೇ ವಾಕ್ಯವನ್ನು ಅಮ್ಮನಿಗೋ, ಆಶಾ ಕಾರ್ಯಕರ್ತೆಗೋ, ನರ್ಸ್‌ಗೋ ಹೇಳಿ. ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ” ಎಂದಳು. ಎಲ್ಲರೂ ಆ ವಾಕ್ಯವನ್ನು ಪುಸ್ತಕದಲ್ಲಿ ಬರೆದುಕೊಂಡರು. ನನ್ನ ತರಗತಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಇರಲಿಲ್ಲವೆಂದಲ್ಲ, ಕೇಳಲು ನಾನು ಜಾಗ ಕೊಟ್ಟಿರಲಿಲ್ಲ. ಪುರುಷ ಶಿಕ್ಷಕರಿರುವ ತರಗತಿಗೆ ಪೆಟ್ಟಿಗೆ ಇನ್ನೂ ಹೆಚ್ಚು ಅಗತ್ಯ.

ನಾಲ್ಕನೇ ಪಾಠ, ಮುಂಡಗೋಡ: ರೆಕ್ಕೆಯ ನುಸಿ, ಎರಡು ಹೆಸರುಗಳ ಗೊಂದಲ

ಮುಂಡಗೋಡದ ತರಗತಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು ಮಾತಾಡುವ ಮನೆಗಳ ಮಕ್ಕಳಿದ್ದರು. ಗೌಳಿ ಮತ್ತು ಸಿದ್ದಿ ಸಮುದಾಯದ ಮಕ್ಕಳೂ ಇದ್ದರು. ಪಾಠದ ಮೊದಲು ‘ನುಸಿಯ ಚಿತ್ರ ಬರೆಯಿರಿ’ ಎಂದಾಗ ಹಲವರು ಅದಕ್ಕೆ ರೆಕ್ಕೆ ಬರೆದರು. ನಮಗೆ ಆಶ್ಚರ್ಯವಾಯಿತು. ಧಾರವಾಡ ಸೀಮೆಗೆ ಹತ್ತಿರದ ಈ ಭಾಗದಲ್ಲಿ ನುಸಿ ಎಂದರೆ ಕಣ್ಣ ಮುಂದೆ ಹಾರಾಡುವ ಸಣ್ಣ ಹುಳ. ಕೃಷಿ ಪುಸ್ತಕಗಳ ‘ನುಸಿ’ ಬೇರೆ, ಮನೆಮಾತಿನ ‘ನುಸಿ’ ಬೇರೆ. ಹಿಂದಿನ ಮೂರು ತರಗತಿಗಳಲ್ಲೂ ಎಷ್ಟು ಮಕ್ಕಳ ತಲೆಯಲ್ಲಿ ಅದು ಹಾರುತ್ತಿತ್ತೋ ತಿಳಿಯದು. ಚಿತ್ರ ಬರೆಸದಿದ್ದರೆ ನಮಗೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಆದ್ದರಿಂದ ಇಲ್ಲಿ ಚಿತ್ರವನ್ನು ತಿದ್ದುವುದರಿಂದ ಪಾಠ ಮುಂದುವರಿಯಿತು. ರೆಕ್ಕೆ ಇಲ್ಲ. ಮರಿಗೆ ಆರು ಕಾಲು, ಬೆಳೆದ ಮೇಲೆ ಎಂಟು. ಸಂಬಂಧಿಕರು ಜೇಡ ಮತ್ತು ಉಣುಗು, ಸೊಳ್ಳೆಯಲ್ಲ. ಹಾರದ ಜೀವಿ ದೂರ ಹೋಗಲಾರದು. ಹಾಗಾಗಿ ಈ ರೋಗ ಚಿಕ್ಕ ಚಿಕ್ಕ ತಾಣಗಳಲ್ಲಿ ಕಾಣಿಸಿಕೊಳ್ಳುತ್ತದೆ, ಒಂದು ಹೊಲದ ಬದುವಿನಲ್ಲಿ ಇದ್ದು ಪಕ್ಕದಲ್ಲಿ ಇಲ್ಲದಿರಬಹುದು ಎಂಬ ವಿಚಾರವನ್ನು ಮಕ್ಕಳು ರೆಕ್ಕೆ ಅಳಿಸಿದ ಮೇಲೆ ತಾವೇ ಊಹಿಸಿದರು.

ಎರಡನೇ ಗೊಂದಲ ಟೈಫಾಯ್ಡ್ ಮತ್ತು ಟೈಫಸ್. ಎರಡೂ ಒಂದೇ ಎಂದು ಬಹುಪಾಲು ಮಕ್ಕಳು ತಿಳಿದಿದ್ದರು. ಮೂಲ ಗ್ರೀಕ್ ಪದಕ್ಕೆ ಹೊಗೆ, ಮಂಜು ಎಂಬ ಅರ್ಥವಿದೆ. ಜ್ವರದ ಮಂಪರಿಗೆ ಅದನ್ನು ಬಳಸಿದರು. ಟೈಫಾಯ್ಡ್ ಎಂದರೆ ‘ಟೈಫಸ್‌ನಂತೆ ಕಾಣುವುದು’ ಎಂದಷ್ಟೇ. ಟೈಫಾಯ್ಡ್ ಬರುವುದು ಕಲುಷಿತ ನೀರು ಮತ್ತು ಆಹಾರದಿಂದ, ಸ್ಕ್ರಬ್ ಟೈಫಸ್ ಬರುವುದು ನುಸಿಯಿಂದ. ವೈದ್ಯರಿಗೂ ಆರಂಭದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಟೈಫಾಯ್ಡ್‌ಗೆ ಮಾಡುವ ವಿಡಾಲ್ ಪರೀಕ್ಷೆ ಬೇರೆ ಜ್ವರಗಳಲ್ಲೂ ಕೆಲವೊಮ್ಮೆ ಪಾಸಿಟಿವ್ ಬರುತ್ತದೆ. ಸ್ಕ್ರಬ್ ಟೈಫಸ್‌ಗೆ ಬಳಸುತ್ತಿದ್ದ ಹಳೆಯ ವೈಲ್-ಫೆಲಿಕ್ಸ್ ಪರೀಕ್ಷೆಯಲ್ಲಿ ಪ್ರೋಟಿಯಸ್ ಎಂಬ ಬೇರೆಯೇ ಬ್ಯಾಕ್ಟೀರಿಯಾ ಬಳಸುತ್ತಾರೆ. ರೋಗಿಯ ಪ್ರತಿಕಾಯಗಳು ಅದನ್ನೂ ಗಂಟು ಕಟ್ಟಿಸುತ್ತವೆ. ಇದು ಅಗ್ಗ, ಆದರೆ ಅನೇಕ ರೋಗಿಗಳನ್ನು ತಪ್ಪಿಸಿಬಿಡುತ್ತದೆ. ಈಗ ಐಜಿಎಂ ಎಲೈಸಾ ಮತ್ತು ಪಿಸಿಆರ್ ಪರೀಕ್ಷೆಗಳು ಹೆಚ್ಚು ನಂಬಲರ್ಹವಾಗಿವೆ.

ಸಂಶೋಧನೆ ನಡೆಯುತ್ತಿದೆ ಎಂದು ಹೇಳುವುದು ಏಕೆ ಬೇಕು

ವಿಜ್ಞಾನ ಮುಗಿದ ಕಥೆಯಲ್ಲ ಎಂದು ತೋರಿಸಲು ಪಾಠದ ಕೊನೆಯ ಐದು ನಿಮಿಷಗಳನ್ನು ಮೂರು ಉದಾಹರಣೆಗಳಿಗೆ ಮೀಸಲಿಟ್ಟೆವು.

ಮೊದಲನೆಯದು ಗೋರಖ್‌ಪುರದ್ದು. ಉತ್ತರ ಪ್ರದೇಶದ ಆ ಭಾಗದಲ್ಲಿ ಪ್ರತಿ ಮಳೆಗಾಲ ಮಿದುಳು ಜ್ವರದಿಂದ ಮಕ್ಕಳು ಸಾಯುತ್ತಿದ್ದರು. ಜಪಾನೀಸ್ ಎನ್‌ಸೆಫಲೈಟಿಸ್ ಲಸಿಕೆ ಬಂದ ಮೇಲೂ ಅದು ನಿಲ್ಲಲಿಲ್ಲ. 2015ರ ನಂತರದ ಅಧ್ಯಯನಗಳಲ್ಲಿ ಅಂಥ ಅನೇಕ ಮಕ್ಕಳಲ್ಲಿ ಸ್ಕ್ರಬ್ ಟೈಫಸ್ ಪತ್ತೆಯಾಯಿತು. ಅಲ್ಲಿ ಜ್ವರದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲೇ ಸರಿಯಾದ ಆ್ಯಂಟಿಬಯಾಟಿಕ್ ಕೊಡುವ ಕ್ರಮ ಬಂತು.

ಎರಡನೆಯದು ಚಿಕಿತ್ಸೆಯದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನೇತೃತ್ವದಲ್ಲಿ, ಮಣಿಪಾಲದ ವೈದ್ಯರೂ ಭಾಗವಹಿಸಿದ ಒಂದು ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತೀವ್ರ ಸ್ಕ್ರಬ್ ಟೈಫಸ್ ಇದ್ದ 794 ರೋಗಿಗಳಲ್ಲಿ ಕೆಲವರಿಗೆ ಡಾಕ್ಸಿಸೈಕ್ಲಿನ್, ಕೆಲವರಿಗೆ ಅಜಿಥ್ರೊಮೈಸಿನ್, ಕೆಲವರಿಗೆ ಎರಡೂ ಕೊಟ್ಟರು. ಸಾವು, ಮುಂದುವರಿದ ತೊಡಕು, ಇಳಿಯದ ಜ್ವರ ಈ ಮೂರನ್ನೂ ಸೇರಿಸಿ ಎಣಿಸಿದಾಗ, ಎರಡೂ ಪಡೆದವರಲ್ಲಿ 33%, ಒಂದನ್ನೇ ಪಡೆದವರಲ್ಲಿ ಸುಮಾರು 47% ಜನರಿಗೆ ಕೆಟ್ಟ ಫಲಿತಾಂಶ ಕಂಡಿತು. ಗುಂಪುಗಳನ್ನು ಚೀಟಿ ಎತ್ತಿದಂತೆ ಹಂಚಿದ್ದು ಏಕೆ ಎಂದು ಕೇಳಿದರೆ ಎಂಟನೇ ತರಗತಿಯ ಮಕ್ಕಳೂ ನ್ಯಾಯಯುತ ಪ್ರಯೋಗದ ಅರ್ಥ ಹೇಳುತ್ತಾರೆ.

ಮೂರನೆಯದು ಜೀನೋಮ್‌ನದು. 2007ರಲ್ಲಿ ಒರಿಯೆಂಟಿಯಾದ ಪೂರ್ಣ ಆನುವಂಶಿಕ ಬರಹವನ್ನು ಓದಿದರು. ಸುಮಾರು 21 ಲಕ್ಷ ಅಕ್ಷರಗಳು, ಅವುಗಳಲ್ಲಿ ಮತ್ತೆ ಮತ್ತೆ ಬರುವ ತುಣುಕುಗಳೇ ಬಹಳ. ತಳಿಯಿಂದ ತಳಿಗೆ ಹೊರಮೈಯ ಪ್ರೋಟೀನ್ ಬದಲಾಗುತ್ತದೆ. ಒಂದು ತಳಿಯ ವಿರುದ್ಧ ಬಂದ ರೋಗನಿರೋಧಕತೆ ಇನ್ನೊಂದರ ವಿರುದ್ಧ ಹೆಚ್ಚು ಕಾಲ ನಿಲ್ಲುವುದಿಲ್ಲ. ಲಸಿಕೆ ಇನ್ನೂ ಆಗದಿರಲು ಇದೊಂದು ಮುಖ್ಯ ಕಾರಣ.

ಸ್ವಾವಲೋಕನ

ನಾಲ್ಕು ಪಾಠಗಳ ನಂತರ ಯೋಜನೆಯ ರೂಪ ಹೀಗಾಯಿತು. ಪ್ರೇರಣೆ: ನುಸಿಯ ಚಿತ್ರ ಬರೆಸುವುದು. ಸಮಸ್ಯೆ: ಒಂದೇ ಸಲ ಕಚ್ಚುವ ಜೀವಿ ರೋಗ ತರುವುದು ಹೇಗೆ? ಚಟುವಟಿಕೆ: ಕೆಂಪು ಚುಕ್ಕೆಯ ಚೀಟಿ ಆಟ. ಹೋಲಿಕೆ: ಮಂಗನ ಕಾಯಿಲೆ, ಟೈಫಾಯ್ಡ್. ಪ್ರಶ್ನೆ ಪೆಟ್ಟಿಗೆ. ಮನೆಗೆಲಸ: ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಹಿರಿಯರಿಗೆ ಓದಿ ಹೇಳುವುದು. ಜ್ವರ ಬಂದು ಎಷ್ಟು ದಿನ? ಹಿಂದಿನ ಎರಡು ಮೂರು ವಾರಗಳಲ್ಲಿ ಹುಲ್ಲು, ಗದ್ದೆ, ಕಾಡಿಗೆ ಹೋಗಿದ್ದಿರಾ? ಮೈಮೇಲೆ ಎಲ್ಲಾದರೂ ನೋವಿಲ್ಲದ ಕಪ್ಪು ಹಕ್ಕಳೆ ಇದೆಯೇ?

ಕೊರತೆಗಳೂ ಇವೆ. ನಾಲ್ಕರಲ್ಲಿ ಮೂರು ಪಾಠಗಳು 40 ನಿಮಿಷ ಮೀರಿದವು. ಎರಡು ಅವಧಿಗಳಾಗಿ ಒಡೆಯುವುದು ಒಳ್ಳೆಯದು. ಪಠ್ಯದ ಅಭ್ಯಾಸ ಪ್ರಶ್ನೆಗಳು ಉಳಿದುಹೋದವು. ಮತ್ತೆ, ಶಿಕ್ಷಕ ವೈದ್ಯನಲ್ಲ. ತರಗತಿಯಲ್ಲಿ ಯಾರ ಗಾಯವನ್ನೂ ನೋಡಿ ಹೆಸರಿಡಬಾರದು, ಔಷಧದ ಪ್ರಮಾಣ ಹೇಳಬಾರದು. ಈ ಎಚ್ಚರಿಕೆಯನ್ನು ಪಾಠಯೋಜನೆಯಲ್ಲೇ ಬರೆದಿಡಬೇಕು.

ಕೊನೆಯ ವಾರ ನಾನು ಹಳಿಯಾಳದ ತರಗತಿಗೆ ತಿದ್ದಿದ ಪಾಠವನ್ನು ಮತ್ತೆ ಮಾಡಿದೆ. ಬಾಣ ತಪ್ಪಾಗಿತ್ತು ಎಂದು ಮೊದಲು ಒಪ್ಪಿಕೊಂಡೆ. ಪ್ರಶ್ನೆ ಕೇಳಿದ ಹುಡುಗನನ್ನೇ ಕರೆದು ಸರಿಯಾದ ಬಾಣ ಹಾಕಿಸಿದೆ: ತಾಯಿ ನುಸಿ, ಮೊಟ್ಟೆ, ಮರಿ, ಅಲ್ಲಿಂದ ಇಲಿಗೆ ಒಂದು, ಮನುಷ್ಯನಿಗೆ ಇನ್ನೊಂದು. ಇಲಿಯಿಂದ ಮನುಷ್ಯನಿಗೆ ಬಾಣವೇ ಇಲ್ಲ.

ಮುಂದಿನ ಸೋಮವಾರ ಆ ತರಗತಿಯ ಹುಡುಗಿಯೊಬ್ಬಳು ಬಂದು, ಅಜ್ಜಿಗೆ ಜ್ವರವಿತ್ತು, ಮೂರು ಪ್ರಶ್ನೆ ಕೇಳಿದೆ, ಬೆನ್ನ ಮೇಲೆ ಕಪ್ಪು ಗಾಯವಿದೆ ಎಂದಳು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು ಎಂದಳು. ಅದು ಒಣಗಿದ ಕುರುವಾಗಿತ್ತು. ಸ್ಕ್ರಬ್ ಟೈಫಸ್ ಆಗಿರಲಿಲ್ಲ. ಹುಡುಗಿ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ನಿಂತಿದ್ದಳು. ನಾನು ಅವಳಿಗೆ, ನೀನು ಮಾಡಿದ್ದು ಸರಿ, ಉತ್ತರ ಏನೇ ಬರಲಿ ಕೇಳುವುದು ನಮ್ಮ ಕೆಲಸ ಎಂದೆ. ಅಜ್ಜಿ ಏನಂದರು ಎಂದು ಕೇಳಿದೆ. “ಇಷ್ಟ ದಿನಾ ಯಾರೂ ಕೇಳಿದ್ದಿಲ್ಲ ಅಂದ್ಲರಿ” ಎಂದಳು.

ಆ ಸಂಜೆ ಮನೆಗೆ ಹೋಗಿ ಅವ್ವನಿಗೆ ಇದನ್ನು ಹೇಳಿದೆ. ಈ ಪಾಠವನ್ನು ಬಳಸಲು ಬಯಸುವ ಪ್ರಶಿಕ್ಷಣಾರ್ಥಿಗಳು ಚೀಟಿ, ಗಸಗಸೆ ಮತ್ತು ಒಂದು ರಟ್ಟಿನ ಪೆಟ್ಟಿಗೆ ಹೊಂದಿಸಿಕೊಂಡರೆ ಸಾಕು. ಆಗಸ್ಟ್‌ಗಿಂತ ಮೊದಲೇ ಬೋಧಿಸಿ.